ಕಲ್ಲು ಸಾಕು, ಮರಳು ಕೊಡಿ

ಪತ್ರ: ಪ್ರತಿ ಮಳೆಗಾಲದಲ್ಲೂ ನಮ್ಮ ಉಳ್ಳಾಲದ ಕಡಲ ಬದಿಗೆ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ. ಮುಂದಿನ ಮಳೆಗಾಲಕ್ಕೆ ಅವು ಕಾಣಿಸುವುದಿಲ್ಲ. ಕೋಟೆಪುರದಿಂದ ಉಚ್ಚಿಲದವರೆಗೆ ಒಂದೇ ಸಲಕ್ಕೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಬಾರದೇ? ನಿಮ್ಮ ಪತ್ರಿಕೆಗೆ ತಡೆಗೋಡೆಯೆಂದರೆ ಏಕಿಷ್ಟು ಸಿಟ್ಟು?
– ಓದುಗರು, ಉಳ್ಳಾಲ

ಉತ್ತರ: ಕಲ್ಲು ಕಾಣೆಯಾಗುತ್ತದೆ ಎಂಬುದನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಇಲಾಖೆಯ ಕಡತಗಳಲ್ಲಿ ಇಷ್ಟು ನೇರವಾದ ಮಾತು ಸಿಗುವುದು ಅಪರೂಪ. ಆದರೆ ಅಷ್ಟು ನೋಡಿದವರು ಅದು ಎಲ್ಲಿಗೆ ಹೋಯಿತೆಂದು ಕೇಳದೆ ಇನ್ನೂ ದೊಡ್ಡ ಕಲ್ಲನ್ನೇ ಬೇಡುತ್ತೀರಲ್ಲ, ಅದಕ್ಕೆ ನನ್ನ ಆಕ್ಷೇಪ.

ಜೂನ್ ತಿಂಗಳ ಭರತದ ಹೊತ್ತಿನಲ್ಲಿ ಸೋಮೇಶ್ವರದ ದಂಡೆಯ ಮೇಲೆ ನಿಂತು ನೋಡಿದ್ದೇನೆ. ಅಲೆ ಬಂಡೆಗೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಎಲ್ಲರ ಕಣ್ಣೂ ಆ ನೊರೆಯ ಮೇಲೆಯೇ. ಅದೇ ಹೊತ್ತಿಗೆ ಬಂಡೆಯ ಬುಡದಲ್ಲಿ ನೀರು ಸುಳಿದು ಮರಳನ್ನು ಕೆರೆದು ಒಯ್ಯುತ್ತಿರುತ್ತದೆ. ಬುಡ ಖಾಲಿಯಾದ ಕಲ್ಲು ವಾಲುತ್ತದೆ, ತಾನೇ ತೋಡಿಸಿಕೊಂಡ ಗುಂಡಿಗೆ ಇಳಿಯುತ್ತದೆ. ಕಲ್ಲುಗಳ ಸಂದಿಯಿಂದ ಒಳನುಗ್ಗಿದ ನೀರು ಹಿಂದಿರುಗುವಾಗ ಮನೆಯ ಬದಿಯ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ತೆಂಗಿನ ಮರವೊಂದರ ಬೇರುಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಅದರಾಚೆಯ ಅಡುಗೆಮನೆಯ ಮೆಟ್ಟಿಲ ಅಡಿ ಆಗಲೇ ಟೊಳ್ಳಾಗಿತ್ತು.

ಇಂದು ರಾತ್ರಿಯೇ ಕಡಲು ಮನೆಯ ಗೋಡೆ ಮುಟ್ಟುವಂತಿದ್ದರೆ ಕಲ್ಲು ಹಾಕಲೇಬೇಕು, ಅದರಲ್ಲಿ ತಕರಾರಿಲ್ಲ. ಕೊಚ್ಚಿಯ ಬಳಿಯ ಚೆಲ್ಲಾನಂನಲ್ಲಿ ಟೆಟ್ರಾಪಾಡ್ (ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ) ಗೋಡೆ ಬಂದ ಮೇಲೆ ಆ ಭಾಗದ ಮನೆಗಳಿಗೆ ನೀರು ನುಗ್ಗುವುದು ನಿಂತಿದೆ. ಅಲ್ಲಿನವರ ನೆಮ್ಮದಿ ನಿಜವಾದದ್ದೇ. ಆದರೆ ಗೋಡೆ ಮುಗಿಯುವಲ್ಲಿಂದ ಉತ್ತರಕ್ಕಿರುವ ಕಣ್ಣಮಾಲಿಯವರು, ತಮ್ಮ ಕಡೆ ಕಡಲ ಹಾವಳಿ ಹೆಚ್ಚಿತೆಂದು ಬೀದಿಗಿಳಿದರು. ನಮ್ಮಲ್ಲೂ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಅಲೆ ಮುರಿಯುವ ರೀಫ್ ಎಂಬ ಕೃತಕ ದಿಬ್ಬ, ದಡದಲ್ಲಿ ಬರ್ಮ್ ಎಂಬ ಕಟ್ಟೆ ಬಂದವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಉಳ್ಳಾಲದ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲಗಳಲ್ಲಿ ರಸ್ತೆ, ಮನೆಗಳು ಕಡಲ ಪಾಲಾದವು. ನೀವು ಕೇಳುವ ಗೋಡೆ ಉಚ್ಚಿಲಕ್ಕೆ ಮುಗಿದರೆ ತಲಪಾಡಿಯವರು ಯಾರಿಗೆ ಪತ್ರ ಬರೆಯಬೇಕು?

ನಮ್ಮ ದಂಡೆಯನ್ನು ಕಟ್ಟಿದ್ದು ನೇತ್ರಾವತಿ ಮತ್ತು ಗುರುಪುರ ನದಿಗಳು ಹೊತ್ತು ತಂದ ಮರಳು. ಮಳೆಗಾಲದ ಅಲೆ ಆ ಮರಳನ್ನು ಕಡಲೊಳಗೆ ಎಳೆದು ದಿಬ್ಬ ಮಾಡುತ್ತದೆ. ದೊಡ್ಡ ಅಲೆಗಳು ಆ ದಿಬ್ಬದ ಮೇಲೆಯೇ ಮುರಿದು, ದಡ ತಲುಪುವಾಗ ಅರ್ಧ ಬಲ ಕಳೆದುಕೊಂಡಿರುತ್ತವೆ. ನವರಾತ್ರಿ ಕಳೆದ ಮೇಲೆ ಶಾಂತವಾದ ಅಲೆಗಳು ಅದೇ ಮರಳನ್ನು ದಡಕ್ಕೆ ತಂದು ಹಾಕುತ್ತವೆ. ಮೊಗವೀರರ ಹಳೆಯ ತಲೆಗಳಿಗೆಲ್ಲ ಈ ಲೆಕ್ಕ ಗೊತ್ತು. ಈಗ ಮೇಲೆ ತುಂಬೆಯ ಅಣೆಕಟ್ಟು, ನದಿಯುದ್ದಕ್ಕೂ ಮರಳು ಲಾರಿಗಳು, ಅಳಿವೆ ಬಾಗಿಲಲ್ಲಿ ಕಡಲೊಳಕ್ಕೆ ಚಾಚಿದ ಕಲ್ಲುಕಟ್ಟೆಗಳಾದ ಎರಡು ಬ್ರೇಕ್‌ವಾಟರ್. ಬರುವ ಮರಳೇ ಕಡಿಮೆ. ಬಂದದ್ದಕ್ಕೂ ದಾರಿಯಲ್ಲಿ ಅಡ್ಡಿ.

ಕಡಲನ್ನು ತಡೆಯುವುದರಲ್ಲಿ ಡಚ್ಚರಷ್ಟು ಪಳಗಿದವರಿಲ್ಲ. 1953ರ ಪ್ರವಾಹದಲ್ಲಿ ನೆದರ್ಲೆಂಡ್ಸ್‌ನಲ್ಲಿ 1,836 ಮಂದಿ ಸತ್ತರು. ಬಳಿಕ ಅವರು ಕಟ್ಟಿದ ಬೃಹತ್ ತಡೆಗಳನ್ನು ಜಗತ್ತೇ ನೋಡಲು ಹೋಗುತ್ತದೆ. ಅದೇ ದೇಶ 2011ರಲ್ಲಿ ಹೇಗ್ ನಗರದ ದಕ್ಷಿಣದ ಕರಾವಳಿಯಲ್ಲಿ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದು, ಅದನ್ನು ಹರಡುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟಿತು. ದೂರದ ಮಾತೇಕೆ? ಪುದುಚೇರಿಯಲ್ಲಿ ಬಂದರಿನ ಬ್ರೇಕ್‌ವಾಟರ್ ಬಂದ ಮೇಲೆ ಪಟ್ಟಣದ ಮುಂದಿನ ಮರಳ ದಂಡೆ ಕರಗಿ, ಬರೀ ಕಲ್ಲಿನ ರಾಶಿ ಉಳಿದಿತ್ತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರೊಳಗೆ ರೀಫ್ ಇಳಿಸಿದ ಬಳಿಕ ಅಲ್ಲಿ ಮತ್ತೆ ಮಕ್ಕಳು ಮರಳಿನಲ್ಲಿ ಆಡುತ್ತಿದ್ದಾರೆ.

ಇನ್ನೊಂದನ್ನು ನೀವು ಮರೆತಿದ್ದೀರಿ. ಬಿರುಗಾಳಿಯ ದಿನ ನೀರು ಕಡಲಿನಿಂದ ಮಾತ್ರ ಬರುವುದಿಲ್ಲ, ಬೆನ್ನ ಹಿಂದಿನಿಂದಲೂ ಬರುತ್ತದೆ. ಭರತವಿರುವಾಗ ತೋಡುಗಳ ನೀರು ಹೊರಹೋಗದು. ಮಂಗಳೂರಿನ ಕೊಟ್ಟಾರಚೌಕಿಯವರನ್ನು ಕೇಳಿ, ಜೋರು ಮಳೆಗೆ ತಗ್ಗಿನಲ್ಲಿ ನೀರು ಕಟ್ಟುವುದೆಂದರೆ ಏನೆಂದು ಹೇಳುತ್ತಾರೆ. ತೋಡು ಒತ್ತುವರಿ ಮಾಡಿ, ಗದ್ದೆಗೆ ಮಣ್ಣು ತುಂಬಿಸಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿದು, ಕೊನೆಗೆ ಕಡಲಿಗೆ ಗೋಡೆ ಕಟ್ಟಿದರೆ ಮಳೆನೀರು ನಿಮ್ಮ ಅಂಗಳದಲ್ಲೇ ನಿಲ್ಲುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿ. ಜೂನ್‌ನಲ್ಲಿ ಮನೆ ಬಿದ್ದ ಮೇಲೆ ತುರ್ತು ಕಾಮಗಾರಿ, ಅದಕ್ಕಾಗಿ ಎಲ್ಲೋ ಒಂದು ಗುಡ್ಡಕ್ಕೆ ಡೈನಮೈಟು. ದಂಡೆ ಎಷ್ಟು ಸರಿಯಿತೆಂದು ಜನವರಿಯಲ್ಲಿ ಅಳೆಯುವವರಿಲ್ಲ. ಕಡಲು ಮುಂದೆ ಬರುತ್ತಿರುವಾಗಲೇ, 2019ರ ಜನವರಿಯಲ್ಲಿ ಹೊರಬಂದ ಕರಾವಳಿ ನಿಯಮವು ಜನದಟ್ಟಣೆಯ ಗ್ರಾಮೀಣ ಪ್ರದೇಶಗಳಲ್ಲಿ ದಡದ ಪಕ್ಕ ಕಟ್ಟಡ ನಿಷೇಧವಿರುವ ಜಾಗದ ಅಗಲವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಹಣವಿದ್ದವರು ಆ ಜಾಗಕ್ಕೆ ಬರುತ್ತಾರೆ. ಬಿಟ್ಟುಹೋಗಬೇಕಾದ ಬಡವರಿಗೆ ಏನಿದೆ? ಕೇರಳವು ‘ಪುನರ್‌ಗೇಹಂ’ ಯೋಜನೆಯಲ್ಲಿ ಕಡಲಿನಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಕ್ಕೆ ಜಾಗಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಗೊತ್ತುಮಾಡಿತು. ಆ ಮೊತ್ತಕ್ಕೆ ದೋಣಿ ನಿಲ್ಲುವ ದಕ್ಕೆಯ ಹತ್ತಿರ ಜಾಗ ಸಿಗುವುದು ಕಷ್ಟ, ಆದರೂ ಸ್ವಇಚ್ಛೆಯಿಂದ ಹೋಗುವವರಿಗೆ ಒಂದು ದಾರಿಯಾದರೂ ಇದೆ.

ನಿಮ್ಮೂರಿನವರು ಮನವಿ ಸಿದ್ಧಪಡಿಸುತ್ತಿದ್ದರೆ ಗೋಡೆಯ ಸಾಲನ್ನು ಹೊಡೆದುಹಾಕಿ. ದೋಣಿಗಳಿಗಾಗಿ ಅಳಿವೆಯಲ್ಲಿ ಹೂಳೆತ್ತಿದಾಗ ಸಿಗುವ ಮರಳು ಲಾರಿ ಹತ್ತದೆ ಉಳ್ಳಾಲದ ದಡಕ್ಕೇ ಬೀಳಬೇಕು, ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು ಎಂದು ಬರೆಯಿರಿ. ಅದರ ಪ್ರತಿಯನ್ನು ನನಗೂ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.