ಓದುಗರ ಪ್ರಶ್ನೆ: ಚಿತ್ರ ಕುಗ್ಗಿಸಿದರೂ ಜಾಲತಾಣ ಏಕೆ ನಿಧಾನ?

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮದೊಂದು ಹೋಂಸ್ಟೇ ಇದೆ. ಅದರ ವರ್ಡ್‌ಪ್ರೆಸ್ ತಾಣಕ್ಕೆ ಚಿತ್ರಗಳನ್ನು ತಾನಾಗಿ ಕುಗ್ಗಿಸುವ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಹಾಕಿದ್ದೇವೆ. ಎಲ್ಲವೂ ವೆಬ್‌ಪಿ (ಜೆಪೆಗ್‌ಗಿಂತ ಚಿಕ್ಕ ಕಡತವಾಗುವ ಚಿತ್ರ ಮಾದರಿ) ಆಗಿವೆ. ಆದರೂ ಮೊಬೈಲಿನಲ್ಲಿ ಮೇಲಿನ ದೊಡ್ಡ ಚಿತ್ರ ಮೂಡಲು ಏಳೆಂಟು ಸೆಕೆಂಡು ಹಿಡಿಯುತ್ತದೆ. ತಪ್ಪೆಲ್ಲಿ?

ಉತ್ತರ: ಮೊದಲು ಪ್ಲಗಿನ್ನಿನ ‘ಲೇಜಿ ಲೋಡ್’ ನೋಡಿ. ಪುಟದ ಕೆಳಗಿನ ಚಿತ್ರಗಳನ್ನು ನೋಡುಗರು ಅಲ್ಲಿಗೆ ಇಳಿದಾಗ ಮಾತ್ರ ತರಿಸುವುದು ಒಳ್ಳೆಯದೇ. ಆದರೆ ಪುಟ ತೆರೆದ ಕೂಡಲೇ ಕಾಣಬೇಕಾದ ಚಿತ್ರಕ್ಕೂ ಅದೇ ನಿಯಮ ಹಚ್ಚಿದರೆ, ಜಾವಾಸ್ಕ್ರಿಪ್ಟ್ ಇಳಿದು ಓಡುವ ತನಕ ಆ ಚಿತ್ರದ ವಿಳಾಸವೇ ಬ್ರೌಸರಿಗೆ ಸಿಗುವುದಿಲ್ಲ. ಪ್ಲಗಿನ್ ಸೆಟ್ಟಿಂಗಿನಲ್ಲಿ ಮೊದಲ ಒಂದೆರಡು ಚಿತ್ರಗಳನ್ನು ಹೊರಗಿಡಿ. ವರ್ಡ್‌ಪ್ರೆಸ್ 6.3ರಿಂದೀಚೆಗೆ ಮುಖ್ಯ ಚಿತ್ರವನ್ನು ಗುರುತಿಸಿ ಆದ್ಯತೆ ಕೊಡಲು ತಾನೇ ಪ್ರಯತ್ನಿಸುತ್ತದೆ. ಪ್ಲಗಿನ್ ಅದನ್ನು ಕೆಡಿಸದಿದ್ದರೆ ಸಾಕು. ಮೇಲ್ಭಾಗದಲ್ಲಿ ಚಿತ್ರಗಳು ಒಂದಾದ ಮೇಲೊಂದು ಸರಿಯುವ ಸ್ಲೈಡರ್ ಇದ್ದರೆ, ಅಥವಾ ಚಿತ್ರವನ್ನು ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಸಂಕೇತ) ಹಿನ್ನೆಲೆಯಾಗಿ ಹಾಕಿದ್ದರೆ ಈ ಸೌಲಭ್ಯ ಸಿಗದು. ಸ್ಲೈಡರ್ ತೆಗೆದು ಒಂದೇ ಒಂದು ಒಳ್ಳೆಯ ಚಿತ್ರ ಹಾಕಿ ಎಂದೇ ನಮ್ಮ ಸಲಹೆ.

ಎರಡನೆಯದು ಅಳತೆ. ಫೋನಿನಲ್ಲಿ ತೆಗೆದ 4000×3000ರ ಚಿತ್ರದಲ್ಲಿ 1.2 ಕೋಟಿ ಪಿಕ್ಸೆಲ್ ಇರುತ್ತವೆ. 1200×900ಕ್ಕೆ ಇಳಿಸಿದರೆ ಉಳಿಯುವುದು 10.8 ಲಕ್ಷ, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಅದೇ ಅಳತೆಯಲ್ಲಿ ಬರೀ ಜೆಪೆಗ್‌ನಿಂದ ವೆಬ್‌ಪಿಗೆ ಬದಲಿಸಿದರೆ ಸಾಮಾನ್ಯವಾಗಿ ಉಳಿತಾಯವಾಗುವುದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಫೋನಿನ ಪರದೆಯಗಲ ತುಂಬುವ ಚಿತ್ರಕ್ಕೂ 1200 ಪಿಕ್ಸೆಲ್ ಅಗಲ ಧಾರಾಳ. ವರ್ಡ್‌ಪ್ರೆಸ್ ಬೇರೆ ಬೇರೆ ಅಳತೆಯ ಪ್ರತಿಗಳನ್ನು ಮಾಡಿಡುತ್ತದೆ, ನಿಜ. ಆದರೆ ಎರಡು ಕಾಲಮ್ಮುಗಳ ಗ್ಯಾಲರಿಯಲ್ಲಿ ಪ್ರತಿ ಚಿತ್ರವೂ ಪೂರ್ತಿ ಅಗಲದ್ದೆಂದು ಥೀಮ್ (ತಾಣದ ವಿನ್ಯಾಸ) ಹೇಳಿದರೆ, ಬ್ರೌಸರ್ ಅದನ್ನೇ ನಂಬಿ ದೊಡ್ಡ ಪ್ರತಿ ತರಿಸುತ್ತದೆ. ಚಿತ್ರದ ಅಗಲ ತಿಳಿಸುವ ‘ಸೈಜಸ್’ ಗುಣದಲ್ಲಿ 50 ವಿಡಬ್ಲ್ಯೂ (ಪರದೆಯ ಅರ್ಧ ಅಗಲ) ಎಂದು ತಿದ್ದಿಸಿ.

ಬಳಿಕ ತಾಣದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ವಿಭಾಗದ ಎಲ್‌ಸಿಪಿ (ಪುಟದ ಅತಿ ದೊಡ್ಡ ಅಂಶ ಮೂಡಲು ಹಿಡಿಯುವ ಸಮಯ) ನೋಡಿ, 2.5 ಸೆಕೆಂಡಿನೊಳಗಿರಬೇಕು. ಸರ್ವರಿನಿಂದ ಮೊದಲ ಬೈಟ್ ಬರಲಿಕ್ಕೇ ಒಂದೆರಡು ಸೆಕೆಂಡು ಬೇಕಾಗುತ್ತಿದ್ದರೆ ತೊಂದರೆ ಹೋಸ್ಟಿಂಗಿನದು, ಚಿತ್ರಗಳದ್ದಲ್ಲ.

ಪ್ರಶ್ನೆ: ಯಕ್ಷಗಾನದ ಕರಪತ್ರಗಳನ್ನು ತಾಣದಲ್ಲಿ ಹಾಕುತ್ತೇವೆ. ಫೋಟೊಗಳು ಚೆನ್ನಾಗಿಯೇ ಬರುತ್ತವೆ, ಕರಪತ್ರದ ಕೆಂಪು ಅಕ್ಷರಗಳು ಮಾತ್ರ ಕಲಸಿಹೋಗುತ್ತವೆ. ಗುಣಮಟ್ಟ 80ರಿಂದ 95ಕ್ಕೆ ಏರಿಸಿದರೂ ಹಾಗೆಯೇ.

ಉತ್ತರ: ಗುಣಮಟ್ಟದ ಅಂಕಿ ಏರಿಸಿದರೆ ಇದು ಹೋಗುವುದಿಲ್ಲ. ನಷ್ಟಸಹಿತ (ಕಡತ ಚಿಕ್ಕದಾಗಿಸಲು ಸ್ವಲ್ಪ ವಿವರ ಬಿಡುವ) ವೆಬ್‌ಪಿ ಬೆಳಕಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ ಇಡುತ್ತದೆ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. ಹೂವು, ಬೆಟ್ಟದ ಫೋಟೊದಲ್ಲಿ ಕಣ್ಣಿಗೆ ಇದು ತಿಳಿಯದು. ಹಳದಿ ನೆಲದ ಮೇಲೆ ಕೆಂಪು ಅಕ್ಷರ ಬಂದಾಗ ಅಂಚು ಹರಡುತ್ತದೆ. ಕನ್ನಡದ ಒತ್ತಕ್ಷರಗಳ ನಡುವಿನ ಸಣ್ಣ ಸಂದುಗಳು ಮುಚ್ಚಿಹೋಗಿ ‘ಷ್ಟ’, ‘ಕ್ಷ್ಮ’ಗಳು ಓದಲಾಗದಂತಾಗುತ್ತವೆ. ಅಕ್ಷರವಿರುವ ಚಿತ್ರಗಳನ್ನು ಪಿಎನ್‌ಜಿ ಆಗಿಯೇ ಏರಿಸಿ, ಪ್ಲಗಿನ್ನಿನಲ್ಲಿ ಪಿಎನ್‌ಜಿಗೆ ‘ಲಾಸ್‌ಲೆಸ್’ (ವಿವರ ನಷ್ಟವಿಲ್ಲದ) ಆಯ್ಕೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಪ್ರತಿ ಆಗಲೇ ಒಮ್ಮೆ ಕುಗ್ಗಿರುತ್ತದೆ. ವಿನ್ಯಾಸ ಮಾಡಿದವರಿಂದ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ದಿನ, ಸ್ಥಳ, ಪ್ರಸಂಗದ ಹೆಸರುಗಳನ್ನು ಚಿತ್ರದ ಕೆಳಗೆ ಪಠ್ಯವಾಗಿಯೂ ಬರೆಯಿರಿ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ಆಗ ಮಾತ್ರ ಅದು ತಲುಪುತ್ತದೆ.

ಪ್ರಶ್ನೆ: ಹೋಸ್ಟಿಂಗಿನಲ್ಲಿ ಜಾಗ ಇದೆ, ಆದರೆ ‘ಕಡತಗಳ ಮಿತಿ ಮೀರಿದೆ’ ಎನ್ನುತ್ತದೆ. ಮೂಲ ಚಿತ್ರಗಳನ್ನು ಅಳಿಸಬಹುದೇ?

ಉತ್ತರ: ದೊಡ್ಡದೊಂದು ಫೋಟೊ ಏರಿಸಿದರೆ ವರ್ಡ್‌ಪ್ರೆಸ್ ಮೂಲವೂ ಸೇರಿ ಬೇರೆ ಬೇರೆ ಅಳತೆಯ ಎಂಟು ಕಡತ ಇಡುತ್ತದೆ, ಪ್ಲಗಿನ್ ಪ್ರತಿಯೊಂದಕ್ಕೂ ವೆಬ್‌ಪಿ ಪ್ರತಿ ಮಾಡಿದರೆ ಹದಿನಾರರ ಹತ್ತಿರ. ನಿಮ್ಮ ಥೀಮ್ ಬಳಸದ ಅಳತೆಗಳನ್ನು, ಮುಖ್ಯವಾಗಿ 1536 ಮತ್ತು 2048 ಪಿಕ್ಸೆಲ್‌ನವನ್ನು, ನಿಲ್ಲಿಸಿ. ಆ ಅಳತೆಗಳ ಹಳೆಯ ಪ್ರತಿಗಳನ್ನು ಥಂಬ್‌ನೇಲ್ (ಚಿಕ್ಕ ಪ್ರತಿ) ಮರುಸೃಷ್ಟಿಸುವ ಪ್ಲಗಿನ್ ಮೂಲಕ ತೆಗೆಸಿ. ಮೂಲಗಳನ್ನು ಸರ್ವರಿನಿಂದ ತೆಗೆಯುವ ಮುನ್ನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಲೇಬೇಕು. ಎವಿಐಎಫ್‌ನಂಥ ಹೊಸ ಚಿತ್ರ ಮಾದರಿಗೆ ಹೋಗುವಾಗ ಕುಗ್ಗಿದ ಪ್ರತಿಯಿಂದಲೇ ಮತ್ತೆ ಪರಿವರ್ತಿಸಿದರೆ ಕುಗ್ಗಿಸುವಾಗ ಮೂಡಿದ ಹಳೆಯ ಕಲೆಗಳ ಮೇಲೆ ಹೊಸ ಕಲೆಗಳು ಕೂರುತ್ತವೆ.