ಚೆಸ್ ಪ್ರಶ್ನೋತ್ತರ: ಯಾವ ಪಾನ್ (ಕಾಲಾಳು) ತಳ್ಳಲಿ?

ಪ್ರಶ್ನೆ: ಮೇಷ್ಟ್ರೇ, ಕಪ್ಪು ಕಾಯಿ ಸಿಕ್ಕಾಗ ನಾನು ಕಿಂಗ್ಸ್ ಇಂಡಿಯನ್ ಅನ್ನುವ ಆರಂಭ ಆಡುತ್ತೇನೆ. 7ನೇ ನಡೆಯವರೆಗೆ ಸಲೀಸು. 8ನೇ ನಡೆಗೆ ಬಿಳಿ ತನ್ನ ಪಾನನ್ನು ಡಿ5ಕ್ಕೆ (ಡಿ ಸಾಲಿನ 5ನೇ ಮನೆಗೆ) ತಳ್ಳುತ್ತದೆ, ಸಿ6ರಲ್ಲಿದ್ದ ನನ್ನ ಕುದುರೆ ಇ7ಕ್ಕೆ ಹೋಗುತ್ತದೆ. ಅಲ್ಲಿಗೆ ನಡುಭಾಗ ಬಂದ್. ಆಮೇಲೆ ಸುಮ್ನೆ ಕಾಯಿ ಅತ್ತಿತ್ತ ಮಾಡುತ್ತಾ ಕೂರುತ್ತೇನೆ. ಎದುರಾಳಿ ನಿಧಾನವಾಗಿ ಸಿ5 ತಳ್ಳಿ ಮುಗಿಸುತ್ತಾನೆ. ಒಂದು ಆಟ ಬರೆದು ಕಳಿಸಿದ್ದೇನೆ.
— ಓದುಗ, ಹಾಸನ

ಉತ್ತರ: ನಿಮ್ಮ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಿದೆ. ಬಿಳಿ ಕುದುರೆ ಇ1ಕ್ಕೆ ಹೋದ ಮೇಲೆ ನೀವು ಆಡಿದ್ದು ಎಚ್6, ಎ6, ರಾಜ ಎಚ್7. ಮೂರರಿಂದಲೂ ಏನೂ ನಷ್ಟವಾಗಿಲ್ಲ, ಏನೂ ಆಗಿಯೂ ಇಲ್ಲ. (ಏನೂ ತೋಚದಿದ್ದಾಗ ಎಚ್6 ಆಡುವುದು ನಮ್ಮ ಕಡೆಯ ಊರೂರಿನ ಚಾಳಿ!) ಅಷ್ಟು ಹೊತ್ತೂ ಎಫ್6ರ ಕುದುರೆ ಕದಲಿಲ್ಲ. ಅದರ ಹಿಂದೆ ಎಫ್7ರ ಪಾನ್ ಸಿಕ್ಕಿಕೊಂಡಿದೆ. ನಿಮ್ಮ ಆಟವೆಲ್ಲ ಇರುವುದು ಆ ಪಾನಿನಲ್ಲೇ.

ನಡುಭಾಗ ಮುಚ್ಚಿಕೊಂಡಾಗ ಕಾಯಿ ಎಲ್ಲಿಡಲಿ ಅಂತ ಮೊದಲು ಯೋಚಿಸಬೇಡಿ. ಯಾವ ಪಾನ್ ತಳ್ಳಬಹುದು ಅಂತ ನೋಡಿ. ನಿಮ್ಮ ಪಾನ್ ಸಾಲು ಸಿ7, ಡಿ6, ಇ5. ಅದು ಮುಖ ಮಾಡಿರುವುದು ಬಿಳಿ ರಾಜನ ಕಡೆಗೆ. ಬಿಳಿಯ ಇ4, ಡಿ5 ಸಾಲು ನಿಮ್ಮ ರಾಣಿ ಕಡೆಗೆ. ಹಾಗಾಗಿ ಅವರ ಪಾಲಿಗೆ ಸಿ5, ನಿಮ್ಮ ಪಾಲಿಗೆ ಎಫ್5.

9ನೇ ನಡೆಗೆ ಎಫ್6ರ ಕುದುರೆಯನ್ನು ಡಿ7ಕ್ಕೆ ಸರಿಸಿ. ದಾರಿ ಬಿಟ್ಟ ಹಾಗೂ ಆಯಿತು, ಸಿ5ರ ಮೇಲೆ ಕಣ್ಣಿಟ್ಟ ಹಾಗೂ ಆಯಿತು. 10ಕ್ಕೆ ಎಫ್5. ಬಿಳಿ ಎಫ್3 ಆಡಿದರೆ ಇ4 ಹೊಡೆಯುವ ಆಸೆ ಬೇಡ, ಎಫ್4 ತಳ್ಳಿ. ನಂತರ ಜಿ5. ಈಗ ಕಾಯಿಗಳ ಜಾಗ ತಾನೇ ಗೊತ್ತಾಗುತ್ತದೆ. ಡಿ7ರ ಕುದುರೆ ವಾಪಸ್ ಎಫ್6ಕ್ಕೆ, ಇನ್ನೊಂದು ಜಿ6ಕ್ಕೆ, ಆನೆ ಎಫ್7ಕ್ಕೆ, ಬಿಷಪ್ ಜಿ7ರಿಂದ ಎಫ್8ಕ್ಕೆ. ಕೊನೆಯ ಎರಡು ನಡೆ ಹೆದರಿ ಹಿಂದೆ ಸರಿದ ಹಾಗೆ ಕಾಣುತ್ತವೆ ಅಲ್ವಾ? ಹಾಗಲ್ಲ. ಬಿಷಪ್ ಡಿ6 ಕಾಯುತ್ತದೆ. ಆನೆ ಸಿ7 ಕಾಯುತ್ತದೆ, ಸಮಯ ಬಂದಾಗ ಜಿ7ಕ್ಕೆ ಬರುತ್ತದೆ. ರಾಣಿ ಕಡೆಗೆ ಬಹುಮಟ್ಟಿಗೆ ಅಷ್ಟು ಕಾವಲು ಸಾಕು.

ಸಿ8ರ ಬಿಷಪ್ ವಿಷಯ ಬೇರೆಯಾಗಿ ಹೇಳಬೇಕು. ನಿಮ್ಮ ಆಟದಲ್ಲಿ ಅದನ್ನು 15ನೇ ನಡೆಯಲ್ಲಿ ಒಂದು ಕುದುರೆಗೆ ಕೊಟ್ಟುಬಿಟ್ಟಿದ್ದೀರಿ. ದಯವಿಟ್ಟು ಕೊಡಬೇಡಿ. ಅದು ಮನೆ ಬಿಟ್ಟು ಹೊರಡದೆಯೇ ಜಿ4ಕ್ಕೆ ಬಲ ಕೊಡುತ್ತಿರುತ್ತದೆ, ಕೊನೆಗೆ ಎಚ್3ರ ಮೇಲೆ ಬೀಳುವುದೂ ಅದೇ.

ಅರ್ಜೆಂಟೀನಾದ ಕಡಲತೀರದ ಊರು ಮಾರ್ ಡೆಲ್ ಪ್ಲಾಟಾದಲ್ಲಿ 1953ರಲ್ಲಿ ಆ ದೇಶದ ಆಟಗಾರ ನಾಯ್ಡಾರ್ಫ್ ವಿರುದ್ಧ ಯುಗೊಸ್ಲಾವಿಯಾದ ಗ್ಲಿಗೊರಿಚ್ ಕಪ್ಪಿನಲ್ಲಿ ಆಡಿದ ಆಟವನ್ನು ನೀವೇ ಕಾಯಿ ಜೋಡಿಸಿ ಆಡಿ. ಈ ದಾರಿಗೆ ಆ ಊರಿನ ಹೆಸರೇ ಇದೆ. 19ನೇ ನಡೆಗೆ ಗ್ಲಿಗೊರಿಚ್ ಜಿ3 ತಳ್ಳಿ ಪಾನ್ ಬಿಟ್ಟುಕೊಟ್ಟರು. ಕಾಯಿ ಹೊಡೆದಾಟ ಮುಗಿದಾಗ ಎಫ್4ರ ಮನೆ ಖಾಲಿ. ಎಚ್5, ಜಿ6ರ ಎರಡು ಕುದುರೆಗಳ ಕಣ್ಣೂ ಅದರ ಮೇಲೇ. ಎಫ್8ರಲ್ಲಿ ಮುದುಡಿದ್ದ ಬಿಷಪ್ ಇ7, ಜಿ5 ಹತ್ತಿ ಇ3ರಲ್ಲಿ ಚೆಕ್ ಕೊಟ್ಟಿತು! ಸಿ ಸಾಲಿನಲ್ಲಿ ಬಿಳಿಗೆ ಎರಡು ಆನೆ ಇದ್ದೂ ಗೆದ್ದದ್ದು ಕಪ್ಪು.

ಪ್ರಶ್ನೆ: ಮುಚ್ಚಿದ ಆಟದಲ್ಲಿ ಬಿಷಪ್ ಕೊಟ್ಟು ಕುದುರೆ ಉಳಿಸಿಕೊಳ್ಳಬೇಕು ಅಂತಾರೆ. ಮೇಲಿಂದ ಮೇಲೆ ಹಾಗೆ ಮಾಡಿಯೂ ಸೋಲುತ್ತಿದ್ದೇನೆ.
— ಓದುಗಿ, ಶಿರಸಿ

ಉತ್ತರ: ಬಿಷಪ್ ಕೊಟ್ಟ ಮೇಲೆ ನೀವು ಆಟವನ್ನು ಮುಚ್ಚುತ್ತಿಲ್ಲ, ತೊಂದರೆ ಅಲ್ಲಿದೆ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ 5ನೇ ಆಟ ನೋಡಿ. ಬಿಳಿ ಸೋವಿಯತ್ ಒಕ್ಕೂಟದ ಸ್ಪಾಸ್ಕಿ, ಕಪ್ಪು ಅಮೆರಿಕದ ಫಿಷರ್. ಯಾರೂ ಕೇಳದಿದ್ದರೂ ಫಿಷರ್ 6ನೇ ನಡೆಗೆ ಬಿಷಪ್ಪಿನಿಂದ ಸಿ3ರ ಕುದುರೆ ಹೊಡೆದರು. ಬೆನ್ನಿಗೇ ಡಿ6, ಇ5. ಸ್ಪಾಸ್ಕಿ ಡಿ5 ತಳ್ಳಿದ ಮೇಲೆ ಬಿಳಿಯ ಎರಡೂ ಬಿಷಪ್‌ಗಳಿಗೆ ಓಡಾಡಲು ಜಾಗವೇ ಇಲ್ಲ. 11ಕ್ಕೆ ಕುದುರೆ ಜಿ6, ಅಲ್ಲಿ ಹೊಡೆಸಿಕೊಂಡು ಎಫ್ ಪಾನಿನಿಂದ ವಾಪಸ್ ಹೊಡೆತ. ಪಾನ್ ಜೋಡಿಯಾಯಿತು, ಆದರೆ ಆನೆಗೆ ಎಫ್ ಸಾಲು ಸಿಕ್ಕಿತು. ಉಳಿದ ಕುದುರೆ ಎಚ್5 ದಾಟಿ ಎಫ್4ರಲ್ಲಿ ಕೂತಿತು. 27ನೇ ನಡೆಗೆ ಫಿಷರ್ ಬಿಷಪ್ಪಿನಿಂದ ಎ4ರ ಪಾನ್ ಹೊಡೆದ ಕೂಡಲೇ ಸ್ಪಾಸ್ಕಿ ಸೋಲೊಪ್ಪಿದರು.

ಪ್ರಶ್ನೆ: ಸರ್, ಮೊದಲ ಪ್ರಶ್ನೆಯ ಕಿಂಗ್ಸ್ ಇಂಡಿಯನ್‌ನಲ್ಲಿ ಬಿಳಿ ಕುದುರೆ ಇ1ಕ್ಕೆ ಬಾರದೆ 9ನೇ ನಡೆಗೇ ಬಿ4 ತಳ್ಳಿದರೆ?
— ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆಗ ಎಫ್6ರ ಕುದುರೆ ಡಿ7ಕ್ಕೆ ಬೇಡಪ್ಪ, ಎಚ್5ಕ್ಕೆ ಹಾರಿಸು. ಎಫ್ ಪಾನಿಗೆ ದಾರಿ ಬಿಡುವ ಕೆಲಸವೇ ಇಲ್ಲೂ, ಜೊತೆಗೆ ಎಫ್4 ನೋಡುತ್ತದೆ. ಬಿಳಿ ಜಾಸ್ತಿ ಸಲ ಆನೆಯನ್ನು ಇ1ಕ್ಕೆ ತರುತ್ತದೆ. ನೀನು ಎಫ್5 ತಳ್ಳು. ಅವರು ಕುದುರೆ ಜಿ5ಕ್ಕೆ ತಂದರೆ ನಿನ್ನ ಕುದುರೆ ಎಫ್6ಕ್ಕೆ ವಾಪಸ್. ಜಿ5ರ ಕುದುರೆಗೆ ಇ6ರ ಮೇಲೆ ಆಸೆ ಇರುತ್ತದೆ. ಅದಕ್ಕೇ ಇಲ್ಲೂ ಸಿ8ರ ಬಿಷಪ್ ಅಲ್ಲೇ ಇರಲಿ.