ಓದುಗರ ಪ್ರಶ್ನೆ: ಅಂದು ಬಿಡದೆ ಆಡಿದ ಗೇಮ್ ಇಂದು ಯಾಕೆ ಸಾಕಾಗುತ್ತೆ?

ಹೋದ ಸಂಚಿಕೆಯಲ್ಲಿ ಹಳೆ ವಿಡಿಯೋ ಗೇಮ್‌ಗಳ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳಿಕೊಂಡಿವೆ: ಪ್ರಾಣ ಬಿಡುತ್ತಿದ್ದ ಆಟವನ್ನು ಇಷ್ಟು ವರ್ಷ ಆದಮೇಲೆ ಮತ್ತೆ ಹಾಕಿದೆವು, ಹತ್ತು ನಿಮಿಷಕ್ಕೇ ಬೇಸರ ಬಂತು. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಪಿಯುಸಿಯಲ್ಲಿದ್ದಾಗ ಸೈಬರ್‌ನಲ್ಲಿ ಐಜಿಐ ಅನ್ನೋ ಶೂಟಿಂಗ್ ಗೇಮ್ ಆಡಿ ಆಡಿ ಮನೆಯಲ್ಲಿ ಬೈಸಿಕೊಂಡವನು ನಾನು. ಮೊನ್ನೆ ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ, ಅರ್ಧ ಗಂಟೆ ಕೂಡ ಆಡಲು ಆಗಲಿಲ್ಲ. ಅಷ್ಟು ಚೆನ್ನಾಗಿತ್ತು ಅಂದುಕೊಂಡಿದ್ದೇ ಭ್ರಮೆಯಾ? (ದಾವಣಗೆರೆಯಿಂದ)

ಭ್ರಮೆ ಅಲ್ಲ. ಆದರೆ ಈಗ ನಿಮಗೆ ಕಂಡ ತಪ್ಪುಗಳೂ ನಿಜವೇ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕು.

ಐಜಿಐ ಬಂದಿದ್ದು 2000ದ ಡಿಸೆಂಬರ್‌ನಲ್ಲಿ. ಮಾಡಿದವರು ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್. ಇವರು ಅದಕ್ಕೂ ಮೊದಲು ಜಾಯಿಂಟ್ ಸ್ಟ್ರೈಕ್ ಫೈಟರ್ ಅನ್ನೋ ಯುದ್ಧ ವಿಮಾನದ ಆಟ ಮಾಡಿದ್ದರು, ಅದರ ಎಂಜಿನ್ನನ್ನೇ, ಅಂದರೆ ಆಟದ ಲೋಕವನ್ನು ಪರದೆ ಮೇಲೆ ಬಿಡಿಸಿ ನಡೆಸುವ ಸಾಫ್ಟ್‌ವೇರನ್ನೇ, ಇಲ್ಲಿಗೂ ತಂದರು. ವಿಮಾನ ಹಾರೋಕೆ ಮಾಡಿದ್ದು ಅಲ್ವಾ, ಅದಕ್ಕೇ ಅಷ್ಟು ದೂರದ ಬಯಲು, ಬೆಟ್ಟ ಎಲ್ಲ ಒಂದೇ ನೋಟಕ್ಕೆ ಕಾಣುತ್ತಿತ್ತು. ಆ ಕಾಲದ ಎಷ್ಟೋ ಶೂಟಿಂಗ್ ಗೇಮ್‌ಗಳಲ್ಲಿ ಒಂದು ಓಣಿ ಮುಗಿದರೆ ಇನ್ನೊಂದು ಓಣಿ. ಇಲ್ಲಿ ಹಾಗಲ್ಲ, ಗುಡ್ಡದ ಮೇಲೆ ನಿಂತು, ಬೈನಾಕ್ಯುಲರ್ ತೆಗೆದು, ಕೆಳಗಿನ ಶಿಬಿರದಲ್ಲಿ ಟವರ್ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ, ಬೇಲಿಯ ಯಾವ ಕಡೆಯಿಂದ ನುಗ್ಗಬಹುದು ಅಂತ ನಾವೇ ಲೆಕ್ಕ ಹಾಕಬೇಕಿತ್ತು. ನಿಮ್ಮ ಪತ್ರ ಓದಿದ ಮೇಲೆ ನಾನೂ ಮತ್ತೆ ಆಡಿದೆ. ಆ ಮೊದಲ ಐದು ನಿಮಿಷ ಈಗಲೂ ಹಿಡಿದು ಕೂರಿಸುತ್ತೆ.

ಆಮೇಲೆ ಶುರುವಾಗುತ್ತೆ ತೊಂದರೆ. ಮಿಷನ್ (ಆಟದ ಒಂದೊಂದು ಹಂತ) ನಡುವೆ ಸೇವ್ ಮಾಡೋಕೆ, ಅಂದರೆ ಅಲ್ಲಿವರೆಗೆ ಆಡಿದ್ದನ್ನು ಉಳಿಸಿಕೊಳ್ಳೋಕೆ ಆಗಲ್ಲ. ಒಟ್ಟು 14 ಮಿಷನ್, ಯಾವುದೇ ಮಿಷನ್‌ನಲ್ಲಿ ಇಪ್ಪತ್ತು ನಿಮಿಷ ತೆವಳಿಕೊಂಡು ಹೋಗಿ ಕೊನೆ ಬಾಗಿಲ ಹತ್ತಿರ ಎಲ್ಲಿಂದಲೋ ಒಬ್ಬ ಹೊಡೆದರೆ ಮತ್ತೆ ಆ ಗುಡ್ಡದಿಂದಲೇ ಇಳಿಯಬೇಕು. ಕ್ಯಾಮೆರಾಕ್ಕೆ ಸಿಕ್ಕಿಬಿದ್ದು ಅಲಾರಂ ಹೊಡೆದರೆ ಬ್ಯಾರಕ್ ಬಾಗಿಲಿಂದ ಸೈನಿಕರು ಬರುತ್ತಾರೆ, ಹೊಡೆದಷ್ಟೂ ಬರುತ್ತಾರೆ. ಒಳಗೆ ಹೋಗಿ ನೋಡಿದರೆ ಅದು ನಾಲ್ಕು ಮಂಚದ ಕೋಣೆ. 2003ರಲ್ಲಿ ಬಂದ ಎರಡನೇ ಭಾಗದಲ್ಲಿ ಮಿಷನ್ ನಡುವೆ ಕೆಲವು ಸಲ ಸೇವ್ ಮಾಡೋಕೆ ಬಿಟ್ಟರು, ಅಂದರೆ ಮಾಡಿದವರಿಗೂ ಇದು ಮುಳ್ಳಾಗಿತ್ತು ಅಂತ ನನ್ನ ಅನಿಸಿಕೆ.

ಇಷ್ಟು ದೊಡ್ಡ ತಪ್ಪು ಆಗ ನಮಗೆ ಯಾಕೆ ಚುಚ್ಚಲಿಲ್ಲ? ನಾನು ಆಡಿದ್ದು ಶಿವಮೊಗ್ಗದಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಒಂದು ಸೈಬರ್‌ನಲ್ಲಿ, ಗಂಟೆಗೆ 20 ರೂಪಾಯಿ. ಮೂರನೇ ಕಂಪ್ಯೂಟರಿನ ಮೌಸ್ ಯಾವಾಗಲೂ ಎಡಕ್ಕೆ ತಿರುಗಲು ಜಗ್ಗುತ್ತಿತ್ತು. ಆಟ ನಿಲ್ಲಿಸಿ, ಮೌಸ್ ಮಗುಚಿ, ತಳದ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರ್ ಗುಂಡನ್ನು ಅಂಗೈಗೆ ಬೀಳಿಸಿಕೊಂಡು, ಅದು ಉರುಳುವ ಕಡ್ಡಿಗಳಿಗೆ ಸುತ್ತಿಕೊಂಡ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆಯಬೇಕು. ಅಷ್ಟು ಹೊತ್ತೂ ಕುರ್ಚಿ ಹಿಂದೆ ನಾಲ್ಕು ಜನ. "ಬೇಗ ಮಾಡೋ, ಟೈಮ್ ಓಡ್ತಾ ಇದೆ." ಮತ್ತೆ ಶುರು ಮಾಡಿದರೆ, "ಟವರ್ ಮೇಲೆ ಒಬ್ಬ ಇದಾನೆ, ನೋಡ್ಕೊ." ಸತ್ತರೆ ಎದ್ದು ಇನ್ನೊಬ್ಬನಿಗೆ ಕುರ್ಚಿ ಬಿಡಬೇಕು. ಗೊತ್ತಾಯ್ತಾ? ಮಿಷನ್ ಮೊದಲಿಂದ ಶುರುವಾಗೋದು ನಮಗೆ ಶಿಕ್ಷೆ ಆಗಿರಲೇ ಇಲ್ಲ, ಸರದಿ ಬದಲಾಗುವ ಹೊತ್ತಾಗಿತ್ತು. ಆಟದಲ್ಲಿ ಇದ್ದ ತೂತನ್ನು ಆ ನಾಲ್ಕು ಜನ ಮುಚ್ಚಿದ್ದರು. ಈಗ ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ ಮೇಲೆ ಒಬ್ಬರೇ ಕೂತು ಆಡಿದರೆ ಆ ತೂತು ಕಾಣದೆ ಇರುತ್ತಾ?

ಹಾಗಾಗಿ ಪೂರ್ತಿ ಮುಗಿಸಲೇಬೇಕು ಅಂತ ಹಟ ಬೇಡ. ಆಗ ಜೊತೆಗಿದ್ದವರಲ್ಲಿ ಒಬ್ಬರಾದರೂ ಊರಲ್ಲಿದ್ದರೆ ಭಾನುವಾರ ಮನೆಗೆ ಕರೆಯಿರಿ, ಎರಡು ಮಿಷನ್ ಸರದಿಯಲ್ಲಿ ಆಡಿ.

ಪ್ರಶ್ನೆ: ಹನ್ನೊಂದು ವರ್ಷದ ಮಗನಿಗೆ ಕಾಂಟ್ರಾ ಅನ್ನೋ ಹಳೆ ಶೂಟಿಂಗ್ ಗೇಮ್ ತೋರಿಸಿದೆ. ಮೂರು ಸಲ ಸತ್ತು "ಇದು ಚೆನ್ನಾಗಿಲ್ಲ ಅಪ್ಪ" ಅಂತ ಎದ್ದು ಹೋದ. ಇವರಿಗೆ ತಾಳ್ಮೆಯೇ ಇಲ್ಲವಲ್ಲ? (ಪುತ್ತೂರಿನಿಂದ)

ಮಗನನ್ನು ಬೈಯಬೇಡಿ. ಅವನು ಹೇಳಿದ್ದರಲ್ಲಿ ನ್ಯಾಯ ಇದೆ. ಕಾಂಟ್ರಾ ಹುಟ್ಟಿದ್ದು 1987ರಲ್ಲಿ, ನಾಣ್ಯ ಹಾಕಿ ಆಡುವ ಯಂತ್ರದಲ್ಲಿ. ಬೇಗ ಸತ್ತರೆ ಇನ್ನೊಂದು ನಾಣ್ಯ ಬೀಳುತ್ತೆ, ಆ ಯಂತ್ರಗಳ ವ್ಯಾಪಾರವೇ ಅದು. 1988ರಲ್ಲಿ ನಿಂಟೆಂಡೊದ ಮನೆ ಯಂತ್ರಕ್ಕೆ ಬಂದಾಗಲೂ ಕೊಟ್ಟಿದ್ದು ಮೂರೇ ಲೈಫ್, ಒಂದು ಗುಂಡು ತಗುಲಿದರೆ ಒಂದು ಲೈಫ್ ಹೋಯ್ತು. ಎಂಟೂ ಸ್ಟೇಜ್ ಕೈಗೆ ಕೂತವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಕಷ್ಟ ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಕ್ಯಾಸೆಟ್ ಒಂದೇ ದಿನಕ್ಕೆ ಮುಗಿದು ಹೋಗುತ್ತಿತ್ತು. ನಮಗೆ ಬೇರೆ ಕ್ಯಾಸೆಟ್ ಇರಲಿಲ್ಲ, ಇದ್ದ ಒಂದರಲ್ಲೂ ಅವೇ ಆಟಗಳು ಹೆಸರು ಬದಲಾಯಿಸಿಕೊಂಡು ಲಕ್ಷಗಟ್ಟಲೆ ಅಂತ ಬರೆದುಕೊಂಡಿರುತ್ತಿದ್ದವು. ಹಾಗಾಗಿ ಕಲಿತೆವು. ಬೇಸಿಗೆ ರಜೆ ಪೂರ್ತಿ ಒಂದೇ ಆಟ ಕೈಯಲ್ಲಿದ್ದರೆ ಅವನೂ ಕಲಿಯುತ್ತಾನೆ.

ಒಂದು ಕೆಲಸ ಮಾಡಿ. ಮೊದಲ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್ ಒತ್ತಿ. 30 ಲೈಫ್ ಸಿಗುತ್ತೆ. ಇಬ್ಬರು ಆಡೋದಾದರೆ ಸ್ಟಾರ್ಟ್‌ಗೆ ಮೊದಲು ಸೆಲೆಕ್ಟ್ ಒತ್ತಬೇಕು. ನೀವೂ ಇನ್ನೊಂದು ಕಂಟ್ರೋಲರ್ ಹಿಡಿಯಿರಿ. ಮೂರನೇ ಸ್ಟೇಜ್ ಜಲಪಾತ ಬರುತ್ತಲ್ಲ, ಅಲ್ಲಿ ಮೇಲಿದ್ದವರು ಆತುರದಿಂದ ನೆಗೆದರೆ ಪರದೆ ಮೇಲಕ್ಕೆ ಸರಿದು ಕೆಳಗಿದ್ದವರ ಲೈಫ್ ಹೋಗುತ್ತೆ. "ಅಪ್ಪ, ನಿಲ್ಲಿ!" ಅಂತ ಮಗ ಕಿರುಚಿದಾಗ ಗೊತ್ತಾಗುತ್ತೆ ಈ ಆಟದಲ್ಲಿ ಇನ್ನೂ ಜೀವ ಇದೆ ಅಂತ. ಆಮೇಲೂ ಅವನಿಗೆ ಹಿಡಿಸದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಅಟ್ಟದಲ್ಲಿ ಹಳೆ ಟಿವಿ ಗೇಮ್, ಬಾತುಕೋಳಿ ಹೊಡೆಯುವ ಬಂದೂಕು ಎರಡೂ ಸಿಕ್ಕವು. ಹೊಸ ಟಿವಿಗೆ ಹಾಕಿದರೆ ಆಟ ಬರುತ್ತೆ, ಆದರೆ ಎಷ್ಟು ಗುರಿ ಇಟ್ಟು ಹೊಡೆದರೂ ಒಂದೂ ಬೀಳಲ್ಲ. ಬಂದೂಕು ಕೆಟ್ಟಿದೆಯಾ? (ಗದಗದಿಂದ)

ಬಂದೂಕು ಚೆನ್ನಾಗಿಯೇ ಇರಬಹುದು. ಟಿವಿ ಬದಲಾಗಿದೆ.

ಆ ಬಂದೂಕಿನಿಂದ ಏನೂ ಹೊರಗೆ ಹೋಗಲ್ಲ, ಬದಲಿಗೆ ಅದು ನೋಡುತ್ತೆ. ಮೂತಿಯೊಳಗೆ ಒಂದು ಮಸೂರ, ಅದರ ಹಿಂದೆ ಬೆಳಕು ಗುರುತಿಸುವ ಸಣ್ಣ ಭಾಗ. ನೀವು ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತೆ. ಎರಡು ಬಾತು ಇದ್ದರೆ ಒಂದಾದ ಮೇಲೆ ಒಂದು ಚೌಕ. ಬಂದೂಕಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ತಗುಲಿತು ಅಂತ ಲೆಕ್ಕ. ನಾವು ಮಕ್ಕಳಾಗಿದ್ದಾಗ ಪರದೆ ಮಿನುಗೋದನ್ನು ನೋಡಿ ಗುಂಡಿನ ಹೊಳಪು ಅಂದುಕೊಳ್ಳುತ್ತಿದ್ದೆವಲ್ಲ, ಅದು ಇದೇ. ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ಬಂದ ಹಾಗೇ ಪರದೆಗೆ ಬೀಳುತ್ತೆ. ಎಲ್‌ಇಡಿ ಟಿವಿ ಅದನ್ನು ತೆಗೆದುಕೊಂಡು, ಸರಿಮಾಡಿ, ಆಮೇಲೆ ತೋರಿಸುತ್ತೆ. ಕಣ್ಣಿಗೆ ಗೊತ್ತಾಗದಷ್ಟು ತಡ, ಆದರೆ ಬಂದೂಕು ನೋಡುವ ಹೊತ್ತು ಅಷ್ಟರಲ್ಲೇ ಕಳೆದುಹೋಗಿರುತ್ತೆ. ಜೊತೆಗೆ ಹಳೆ ಟಿವಿಯ ಬೆಳಕು ಮಿಡಿಯುವ ರೀತಿಯನ್ನೇ ಹುಡುಕುವಂತೆ ಆ ಬಂದೂಕನ್ನು ಮಾಡಿದ್ದರು.

ಮಾರಿಯೋದಂಥ ಆಟ ಹೊಸ ಟಿವಿಯಲ್ಲಿ ಯಾಕೋ ಕೈಗೆ ಬರುತ್ತಿಲ್ಲ, ಜಂಪ್ ತಪ್ಪುತ್ತಿದೆ ಅಂತ ಇನ್ನೂ ಕೆಲವರು ಬರೆದಿದ್ದೀರಿ. ಅದಕ್ಕೂ ಈ ತಡವೇ ಕಾರಣ ಇರಬಹುದು. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ ನೋಡಿ, ವ್ಯತ್ಯಾಸ ಕಾಣಬಹುದು. ಬಂದೂಕಿಗೆ ಮಾತ್ರ ಅದು ಸಾಲದು, ಹಳೆ ಟಿವಿಯೇ ಬೇಕು.

ಪ್ರಶ್ನೆ: ವೈಸ್ ಸಿಟಿಯ ಹೊಸ ಆವೃತ್ತಿ ಕೊಂಡುಕೊಂಡೆ. ಹಳೆಯದರ ಖುಷಿ ಇದರಲ್ಲಿ ಇಲ್ಲ. ಹಳೆಯದನ್ನೇ ಆಡಲಾ? (ಹುಬ್ಬಳ್ಳಿಯಿಂದ)

ನೀವೊಬ್ಬರೇ ಅಲ್ಲ. 2021ರ ನವೆಂಬರ್‌ನಲ್ಲಿ ವೈಸ್ ಸಿಟಿಯೂ ಸೇರಿ ಮೂರು ಹಳೆ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್‌ಗಳನ್ನು ಒಟ್ಟಿಗೆ ಹೊಸದಾಗಿ ತಂದಾಗ ಮುಖಗಳು ಮೇಣದ ಬೊಂಬೆಗಳ ಹಾಗಿದ್ದವು, ಮಳೆ ಬಂದರೆ ರಸ್ತೆಯೇ ಕಾಣುತ್ತಿರಲಿಲ್ಲ. ರಾಕ್‌ಸ್ಟಾರ್ ಕಂಪನಿ ಅದೇ ತಿಂಗಳು ಕ್ಷಮೆ ಕೇಳಿತು. 2024ರ ನವೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಹಳೆ ಬೆಳಕಿನ ಬಣ್ಣಗಳನ್ನು ವಾಪಸ್ ತರುವ ಆಯ್ಕೆ ಕೊಟ್ಟಿದ್ದಾರೆ, ಮೊದಲು ಅದನ್ನು ಹಾಕಿಕೊಳ್ಳಿ.

ನನಗೆ ತುಂಬ ಬೇಸರ ತಂದಿದ್ದು ಆ ಮೂರರಲ್ಲಿ ಇನ್ನೊಂದಾದ ಸ್ಯಾನ್ ಆಂಡ್ರಿಯಾಸ್‌ನ ಮಂಜು ತೆಗೆದಿದ್ದು. ಹಳೆಯದರಲ್ಲಿ ದೂರದ ಜಾಗಗಳು ಮಸುಕಾಗಿದ್ದವು, ಆಗಿನ ಗೇಮ್ ಯಂತ್ರ ಪ್ಲೇಸ್ಟೇಷನ್ 2ಕ್ಕೆ ಅಷ್ಟು ದೂರ ಬಿಡಿಸುವ ಶಕ್ತಿ ಇರಲಿಲ್ಲ. ಆ ಮಸುಕಿನಿಂದಲೇ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋದು ದೊಡ್ಡ ಪ್ರಯಾಣ ಅನ್ನಿಸುತ್ತಿತ್ತು. ಮಂಜು ತೆಗೆದರು, ಬೆಟ್ಟದ ಮೇಲೆ ನಿಂತರೆ ಮೂರೂ ಊರು ಪಕ್ಕಪಕ್ಕದ ಬಡಾವಣೆಗಳ ಹಾಗೆ ಕಂಡವು. ಹಳೆ ಆಟದ ಕೊರತೆ ಅಂತ ತಿಳಿದು ತಿದ್ದಲು ಹೋಗಿ ಅದರ ಗುಟ್ಟನ್ನೇ ಬಿಚ್ಚಿಟ್ಟ ಹಾಗಾಯ್ತು.

2002ರ ವೈಸ್ ಸಿಟಿ ಆಡಿ, ಆದರೆ ಅದರಲ್ಲೂ ಒರಟು ಜಾಗ ಜಾಸ್ತಿ. ಆಟದ ನಾಯಕ ಟಾಮಿಗೆ ಈಜು ಬರಲ್ಲ, ನೀರಿಗೆ ಬಿದ್ದರೆ ಮುಗೀತು. ಮಿಷನ್ ಸೋತರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಕಟ್ಟುತ್ತಿರುವ ಕಟ್ಟಡದೊಳಗೆ ಆಟಿಕೆ ಹೆಲಿಕಾಪ್ಟರ್‌ನಲ್ಲಿ ನಾಲ್ಕು ಬಾಂಬ್ ಇಡುವ ಮಿಷನ್ ನೆನಪಿದೆಯಲ್ಲ, ಅದು ಈಗಲೂ ಅಷ್ಟೇ ಕಾಡುತ್ತೆ. ಕಂಪ್ಯೂಟರ್‌ನಲ್ಲಿ ಆಡೋದಾದರೆ ಸೆಟ್ಟಿಂಗ್‌ನಲ್ಲಿ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಎಷ್ಟು ಚಿತ್ರ ಬರಬೇಕು ಅನ್ನೋ ಮಿತಿ) ಆನ್ ಇರಲಿ, ಇಲ್ಲದಿದ್ದರೆ ಹೊಸ ಕಂಪ್ಯೂಟರ್‌ನ ವೇಗಕ್ಕೆ ಆಟದ ಲೆಕ್ಕ ತಪ್ಪುತ್ತೆ. ಸಂಜೆ ಬೆಳಕಲ್ಲಿ ಬೀಚ್ ಪಕ್ಕ ರೇಡಿಯೋ ಹಾಕಿಕೊಂಡು ಸುಮ್ನೆ ಬೈಕ್ ಓಡಿಸೋದು ಮಾತ್ರ ಹಾಗೇ ಇದೆ. ಪರವಾನಗಿ ಮುಗಿದು ಕೆಲವು ಹಾಡುಗಳು ಆಮೇಲಿನ ಪ್ರತಿಗಳಲ್ಲಿ ಇಲ್ಲ, ಅದೊಂದು ನೋವು.

ಪ್ರಶ್ನೆ: ಹಾಗಾದರೆ ಯಾವ ಹಳೆ ಆಟವೂ ಈಗ ನಿಲ್ಲಲ್ಲ ಅಂತೀರಾ? (ಮೈಸೂರಿನಿಂದ)

ಖಂಡಿತ ನಿಲ್ಲುತ್ತವೆ. ಪ್ರಿನ್ಸ್ ಆಫ್ ಪರ್ಷಿಯಾ ಬಂದಿದ್ದು 1989ರಲ್ಲಿ. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿಕೊಂಡು ರಾಜಕುಮಾರನನ್ನು ಬಿಡಿಸಿದರು. ಗೋಡೆ ಅಂಚನ್ನು ಬೆರಳಲ್ಲಿ ಹಿಡಿದು ತನ್ನ ಮೈಭಾರವನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನಲ್ಲ, ಅದನ್ನು ಈಗ ನೋಡಿದರೂ ನನ್ನ ತೋಳು ಬಿಗಿಯುತ್ತೆ. ಆಪಲ್ 2 ಕಂಪ್ಯೂಟರಿನ ಮೆಮೊರಿ ತುಂಬಿಹೋಗಿತ್ತು, ಹೊಸ ಶತ್ರುವಿಗೆ ಜಾಗ ಇರಲಿಲ್ಲ. ಆಗ ರಾಜಕುಮಾರನ ಚಿತ್ರಗಳನ್ನೇ ಒಂದು ಚುಕ್ಕಿಯಷ್ಟು ಸರಿಸಿ ಅದರ ಮೇಲೇ ಕೂರಿಸಿ ಮಿನುಗುವ ನೆರಳು ಮಾಡಿದರು, ಕನ್ನಡಿಯೊಳಗಿಂದ ಹೊರಗೆ ಬರುವ ಆ ನೆರಳು. ಯಂತ್ರದ ಬಡತನದಿಂದಲೇ ಹುಟ್ಟಿದ ಪಾತ್ರ ಅದು. 60 ನಿಮಿಷದ ಗಡುವು ಈಗಲೂ ಎದೆ ಬಡಿಸುತ್ತೆ.

ರಾಜ್ಯ ಕಟ್ಟಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್ 2 ಕೂಡ ನಿಂತಿದೆ, ಆದರೆ ಅದನ್ನು ತಿದ್ದುತ್ತಾ ಬಂದಿದ್ದಾರೆ. 1999ರ ಮೂಲ ಆಟದಲ್ಲಿ ಹೊಲದ ಬೆಳೆ ಮುಗಿದರೆ ರೈತ ಸುಮ್ಮನೆ ನಿಂತುಬಿಡುತ್ತಿದ್ದ, ನಾವೇ ಹೋಗಿ ಮತ್ತೆ ಹೊಲ ಹಾಕಬೇಕು. 2000ದಲ್ಲಿ ಅದಕ್ಕೆ ಸೇರ್ಪಡೆಯಾಗಿ ಬಂದ ಕಾಂಕರರ್ಸ್‌ನಲ್ಲಿ ಮುಂದಿನ ಬಿತ್ತನೆಗೆ ಬೇಕಾದ ಮರವನ್ನು ಮೊದಲೇ ಕಟ್ಟಿಡಬಹುದಾಯ್ತು, 2019ರ ಆವೃತ್ತಿಯಲ್ಲಿ ತಾನಾಗಿಯೇ ಬಿತ್ತನೆ ಆಗುತ್ತೆ. ನಿಮ್ಮ ನೆನಪಿನಲ್ಲಿರುವ ಆಟ 1999ರದ್ದಾದರೂ ಆಡೋಕೆ 2019ರದ್ದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಅಣ್ಣ ಮತ್ತು ನಾನು ಆಡುತ್ತಿದ್ದ ಬೈಕ್ ರೇಸ್ ಗೇಮ್ ರೋಡ್ ರ‍್ಯಾಶ್ ಸಿಡಿ ನನ್ನ ಹತ್ತಿರ ಇದೆ. ಅಣ್ಣ ಈಗಿಲ್ಲ. ಮತ್ತೆ ಆಡಿದರೆ ಆ ನೆನಪೂ ಹಾಳಾಗುತ್ತೇನೋ ಅಂತ ಭಯ. ಆಡಲಾ, ಬೇಡವಾ? (ಶಿರಸಿಯಿಂದ)

ಈಗಲೇ ಆಡಬೇಕು ಅಂತ ಏನಿಲ್ಲ ತಂಗಿ. ಮನಸ್ಸು ಆದಾಗ ಆಡಿ. ಆಡಿದರೆ ಬೈಕ್‌ಗಳು ಚಪ್ಪಟೆಯಾಗಿ ಕಾಣುತ್ತವೆ, ಅಷ್ಟು ಮಾತ್ರ ಮೊದಲೇ ತಿಳಿದಿರಲಿ. ಸರಪಳಿ ಬೀಸುತ್ತಾ ಪಕ್ಕಕ್ಕೆ ಬಂದವನನ್ನು ಒದ್ದು ಬೀಳಿಸಿದಾಗ ಅಣ್ಣ ಏನು ಹೇಳುತ್ತಿದ್ದರೋ ಅದು ಸಿಡಿಯಲ್ಲಿ ಇಲ್ಲ, ಹಾಗಾಗಿ ಅದನ್ನು ಈ ಆಟ ಹಾಳು ಮಾಡಲಾರದು.

ಆದರೆ ಒಂದು ಕೆಲಸ ಮುಂದೂಡಬೇಡಿ. ಅದು ಅಂಗಡಿಯಲ್ಲೋ ಮನೆಯಲ್ಲೋ ಬರೆದುಕೊಂಡ ಸಿಡಿ ಆಗಿದ್ದರೆ ಅದರೊಳಗಿನ ಬಣ್ಣದ ಪದರ ವರ್ಷ ಕಳೆದ ಹಾಗೆ ಕೆಡುತ್ತೆ, ಬಿಸಿಲಿಗೆ, ತೇವಕ್ಕೆ ಇನ್ನೂ ಬೇಗ. ನಿಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಯಾರ ಹತ್ತಿರವಾದರೂ ಇದ್ದರೆ ಈ ವಾರವೇ ಪೂರ್ತಿ ಸಿಡಿಯನ್ನು ಒಂದು ಐಎಸ್‌ಒ ಫೈಲ್ (ಸಿಡಿಯ ಪೂರ್ತಿ ನಕಲು) ಮಾಡಿಸಿ, ಎರಡು ಕಡೆ ಇಟ್ಟುಕೊಳ್ಳಿ. ಸಿಡಿಯ ಮೇಲೆ ಅಣ್ಣನ ಕೈಬರಹದಲ್ಲಿ ಹೆಸರು ಇದ್ದರೆ ಅದರ ಫೋಟೊ ತೆಗೆದಿಡಿ, ಮಾರ್ಕರ್ ಶಾಯಿ ಕೂಡ ಮಾಸುತ್ತೆ.